ಎಳೆಗೂಸಿಗೆ ಕಾಲುಚೀಲ ಹೆಣೆಯುವ ಬಗೆ: ಕಳಚಿ ಬೀಳದ, ಕಣಕಾಲು ಬಿಗಿಯದ ಒಂದು ಜೊತೆ

ಕೂಸಿನ ಕಾಲುಚೀಲದ ಬಗ್ಗೆ ಮನೆಮನೆಯಲ್ಲೂ ಕೇಳಿಬರುವ ದೂರು ಒಂದೇ: ತೊಡಿಸಿದ ಹತ್ತು ನಿಮಿಷಕ್ಕೆ ಒಂದು ತೊಟ್ಟಿಲಲ್ಲಿ, ಇನ್ನೊಂದು ಮಂಚದ ಕೆಳಗೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಎಳೆಯ ಪಾದ ಗುಂಡಗೆ, ಮೆತ್ತಗೆ ಇರುತ್ತದೆ. ದೊಡ್ಡವರಿಗಿರುವಂತೆ ಚೀಲವನ್ನು ಹಿಡಿದು ನಿಲ್ಲಿಸುವಷ್ಟು ಹಿಮ್ಮಡಿ ಅಲ್ಲಿ ಇನ್ನೂ ಹಿಂದಕ್ಕೆ ಚಾಚಿಕೊಂಡಿರುವುದಿಲ್ಲ. ಜೊತೆಗೆ ಎಚ್ಚರವಾಗಿರುವಷ್ಟು ಹೊತ್ತೂ ಮಗು ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತಲೇ ಇರುತ್ತದೆ. ಹೀಗಾಗಿ ದೊಡ್ಡವರ ಕಾಲುಚೀಲವನ್ನೇ ಚಿಕ್ಕದಾಗಿ ಹೆಣೆದರೆ ಅದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಕಣಕಾಲಿನ ಭಾಗ ಉದ್ದವಾಗಿ, ಹಿಗ್ಗುವ ಹೆಣಿಗೆಯಲ್ಲಿರಬೇಕು. ಹಿಮ್ಮಡಿಗೆ ನಿಜವಾದ ಗುಳಿ ಇರಬೇಕು. ಸುತ್ತಳತೆ ಪಾದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿರಬೇಕು. ಇಲ್ಲಿ ವಿವರಿಸುವ ಜೊತೆ ಈ ಮೂರನ್ನು ಗಮನದಲ್ಲಿಟ್ಟುಕೊಂಡು ಲೆಕ್ಕ ಹಾಕಿದ್ದು, ಮೂರರಿಂದ ಆರು ತಿಂಗಳ ಮಗುವಿಗೆ ಹೊಂದುತ್ತದೆ. ಸೀದಾ ಮತ್ತು ಉಲ್ಟಾ ಹೆಣಿಗೆ ಕೈಗೆ ಬಂದಿದ್ದು, ಒಂದು ಮಫ್ಲರನ್ನೋ ಟೋಪಿಯನ್ನೋ ಹೆಣೆದು ಮುಗಿಸಿದವರು ಇದನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು.

ನೂಲು ಮತ್ತು ಕಡ್ಡಿ

ನೂಲನ್ನು ಕೈಯಿಂದ ಮುಟ್ಟಿ ಆರಿಸಿದರೆ ಸಾಲದು, ಕುತ್ತಿಗೆಗೋ ಕೆನ್ನೆಗೋ ಒತ್ತಿ ನೋಡಬೇಕು. ಅಲ್ಲಿ ಚುಚ್ಚಿದ ನೂಲು ಮಗುವಿನ ಕಾಲಿಗೂ ಚುಚ್ಚುತ್ತದೆ. ನಮ್ಮ ಕುರುಬರ ಕಂಬಳಿಗೆ ಬಳಸುವ ದಖನಿ ಕುರಿಯ ಉಣ್ಣೆ ಮಳೆಗೂ ಚಳಿಗೂ ಎಷ್ಟೇ ಗಟ್ಟಿಯಾಗಿದ್ದರೂ ಒರಟು, ಎಳೆಯ ಚರ್ಮಕ್ಕೆ ಸಲ್ಲದು. ಮೆರಿನೋ ಉಣ್ಣೆ ಮೃದು, ಬೆಚ್ಚಗೆ, ಹಿಗ್ಗಿ ಮತ್ತೆ ಕುಗ್ಗುವ ಗುಣವೂ ಅದಕ್ಕಿದೆ. ಆದರೆ ಬೆಲೆ ಹೆಚ್ಚು, ಒಗೆಯುವಾಗ ಜಾಗರೂಕತೆ ಬೇಕು. ನಮ್ಮ ಊರುಗಳ ಅಂಗಡಿಗಳಲ್ಲಿ ಬೇಬಿ ಉಲ್ಲನ್ ಎಂದು ಸಿಗುವುದು ಬಹುಪಾಲು ಅಕ್ರಿಲಿಕ್, ಹೆಚ್ಚಿನದು ಲುಧಿಯಾನದ ಕಡೆಯಿಂದ ಬರುತ್ತದೆ. ದಿನಕ್ಕೆರಡು ಬಾರಿ ಒದ್ದೆಯಾಗುವ ಕಾಲುಚೀಲಕ್ಕೆ ಅದೇನೂ ಕೆಟ್ಟ ಆಯ್ಕೆಯಲ್ಲ. ಮಡಿಕೇರಿ, ಚಿಕ್ಕಮಗಳೂರು, ಬೆಂಗಳೂರಿನ ಡಿಸೆಂಬರ್ ಚಳಿಗೆ ಉಣ್ಣೆ ಅಥವಾ ಅಕ್ರಿಲಿಕ್ ಸರಿ. ಮಂಗಳೂರು, ಕಾರವಾರದಂಥ ಸೆಕೆಯ ಊರುಗಳಲ್ಲಿ ಹತ್ತಿಯ ನೂಲೇ ಮೇಲು. ಆದರೆ ಹತ್ತಿ ಹಿಗ್ಗಿದ ಮೇಲೆ ಮರಳಿ ಕುಗ್ಗುವುದು ಕಡಿಮೆಯಾದ್ದರಿಂದ ಒಂದು ಅಳತೆ ಚಿಕ್ಕ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಬೇಕಾಗುತ್ತದೆ. ರೋಮ ಎದ್ದು ನಿಲ್ಲುವ ಮೊಹೇರ್, ಅಂಗೋರಾ ಬಗೆಯ ನೂಲುಗಳನ್ನು ಬಿಟ್ಟುಬಿಡಿ. ಮಗು ಕಾಲನ್ನು ಬಾಯಿಗಿಟ್ಟುಕೊಳ್ಳುವ ವಯಸ್ಸು ಅದು, ಉದುರಿದ ರೋಮವೆಲ್ಲ ಬಾಯಿಗೇ ಹೋಗುತ್ತದೆ.

ನಮಗೆ ಬೇಕಾದುದು ನಾಲ್ಕೆಳೆಯ, ಅಂದರೆ 4 ಪ್ಲೈ ನೂಲು. 25 ಗ್ರಾಂನ ಒಂದು ಉಂಡೆ ಒಂದು ಜೊತೆಗೆ ಸಾಕಾಗುತ್ತದೆ. ಕಡ್ಡಿಯ ವಿಷಯದಲ್ಲಿ ಹೊಸಬರು ಎಡವುವುದು ನಂಬರಿನಲ್ಲಿ. ನಮ್ಮಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರುಗಳೇ ಚಾಲ್ತಿಯಲ್ಲಿವೆ. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆ. 10ನೇ ನಂಬರು 3.25 ಮಿ.ಮೀ., 11ನೇದು 3 ಮಿ.ಮೀ., 12ನೇದು 2.75 ಮಿ.ಮೀ., 13ನೇದು 2.25 ಮಿ.ಮೀ. ದಪ್ಪವಿರುತ್ತದೆ. ಇಲ್ಲಿನ ಲೆಕ್ಕಕ್ಕೆ 12ನೇ ನಂಬರಿನ, ಎರಡೂ ತುದಿ ಚೂಪಾಗಿರುವ ನಾಲ್ಕು ಕಡ್ಡಿಗಳ ಒಂದು ಕಟ್ಟು ಬೇಕು. ಒಂದು ತುದಿಯಲ್ಲಿ ಗುಂಡಿಯಿರುವ ಸ್ವೆಟರ್ ಕಡ್ಡಿ ಆಗದು. ಜಾರುವ ಉಕ್ಕಿನ ಕಡ್ಡಿಗಿಂತ ಬಿದಿರಿನ ಕಡ್ಡಿ ಮೊದಲ ಬಾರಿಗೆ ಹೆಚ್ಚು ಅನುಕೂಲ, ಏಕೆಂದರೆ ಕೆಲವೇ ಕುಣಿಕೆಗಳಿರುವಾಗ ಉಕ್ಕಿನ ಕಡ್ಡಿ ತನ್ನ ಭಾರಕ್ಕೇ ಜಾರಿ ನೆಲಕ್ಕೆ ಬೀಳುತ್ತದೆ. ಇವಲ್ಲದೆ ಮೊಂಡು ತುದಿಯ, ದೊಡ್ಡ ಕಣ್ಣಿನ ಒಂದು ಸೂಜಿ, ಅಳತೆ ಪಟ್ಟಿ ಮತ್ತು ಸುತ್ತುಗಳ ಲೆಕ್ಕ ಬರೆದಿಡಲು ಒಂದು ಚೀಟಿ ಇರಲಿ.

ಅಳತೆ

ಮಗು ನಿದ್ದೆ ಹೋದಾಗ ಅಂಗಾಲನ್ನು ಒಂದು ಕಾಗದದ ಮೇಲೆ ಹಗುರವಾಗಿ ಇಟ್ಟು ಹಿಮ್ಮಡಿ ಮತ್ತು ಹೆಬ್ಬೆರಳಿನ ತುದಿಯಲ್ಲಿ ಗುರುತು ಮಾಡಿಕೊಳ್ಳುವುದೇ ಸುಲಭದ ದಾರಿ. ಎಚ್ಚರವಿದ್ದಾಗ ಬೆರಳು ಮಡಚಿಕೊಳ್ಳುವುದರಿಂದ ಅಳತೆ ತಪ್ಪುತ್ತದೆ. ಆಗತಾನೆ ಹುಟ್ಟಿದ ಮಗುವಿನ ಪಾದ ಸುಮಾರು 7.5ರಿಂದ 8 ಸೆಂ.ಮೀ., ಮೂರರಿಂದ ಆರು ತಿಂಗಳಲ್ಲಿ 9ರಿಂದ 10 ಸೆಂ.ಮೀ., ವರ್ಷ ತುಂಬುವ ಹೊತ್ತಿಗೆ 11.5 ಸೆಂ.ಮೀ. ಆಸುಪಾಸು ಇರುತ್ತದೆ. ಹುಟ್ಟುವ ಮೊದಲೇ ಹೆಣೆಯಲು ಕೂತವರು, ಅಥವಾ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ಅಜ್ಜಿಯರು, ನವಜಾತ ಅಳತೆಯನ್ನು ಬಿಟ್ಟು ಈ ಮೂರು ತಿಂಗಳ ಅಳತೆಯನ್ನೇ ಹೆಣೆದು ಒಯ್ಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನವಜಾತ ಚೀಲದ ಆಯುಸ್ಸು ಕೆಲವೇ ವಾರ.

ಹೆಣೆಯುವ ಮೊದಲು ಅಳತೆಯ ತುಂಡೊಂದನ್ನು ಹೆಣೆದು ನೋಡಬೇಕು. ಬೇಸರದ ಕೆಲಸವೇ ಸರಿ, ಆದರೂ ತಪ್ಪಿಸಬೇಡಿ. ಸೀದಾ ಹೆಣಿಗೆಯಲ್ಲಿ 10 ಸೆಂ.ಮೀ. ಅಗಲಕ್ಕೆ 28 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 36 ಸಾಲು ಬರಬೇಕು. ಕುಣಿಕೆಗಳು 28ಕ್ಕಿಂತ ಹೆಚ್ಚು ಬಂದರೆ ನಿಮ್ಮ ಕೈ ಬಿಗಿ, 11ನೇ ನಂಬರಿಗೆ ಬದಲಿಸಿ. ಕಡಿಮೆ ಬಂದರೆ 13ಕ್ಕೆ ಹೋಗಿ. ಈ ಅಳತೆಯಲ್ಲಿ 32 ಕುಣಿಕೆಗಳ ಸುತ್ತು 11.4 ಸೆಂ.ಮೀ. ಆಗುತ್ತದೆ, 12ರಿಂದ 12.5 ಸೆಂ.ಮೀ. ಸುತ್ತಳತೆಯ ಪಾದಕ್ಕೆ ಅದು ಹಿತವಾಗಿ ಅಂಟಿಕೊಳ್ಳುತ್ತದೆ. ಬೇರೆ ವಯಸ್ಸಿನ ಮಗುವಿಗೆ ಬೇಕಾದರೆ ಕುಣಿಕೆಗಳ ಲೆಕ್ಕ ಕೆಡಿಸುವ ಬದಲು ಇದೇ 32 ಕುಣಿಕೆಗಳನ್ನು ಇಟ್ಟುಕೊಂಡು, ನವಜಾತ ಮಗುವಿಗೆ 3 ಪ್ಲೈ ನೂಲು ಮತ್ತು 13ನೇ ಕಡ್ಡಿ, ವರ್ಷದ ಮಗುವಿಗೆ ಸ್ವಲ್ಪ ದಪ್ಪ ನೂಲು ಮತ್ತು 10ನೇ ಕಡ್ಡಿ ಬಳಸಿದರೆ ಸಾಕು. ಪಾದದ ಉದ್ದವನ್ನು ಮಾತ್ರ ಅಳೆದು ಹೊಂದಿಸಿಕೊಳ್ಳಿ.

ಕುಣಿಕೆ ಏರಿಸುವುದು ಮತ್ತು ಕಣಕಾಲಿನ ಭಾಗ

ನಾನು ಮೊಟ್ಟಮೊದಲು ಹೆಣೆದ ಜೊತೆ ನೋಡಲು ಅಚ್ಚುಕಟ್ಟಾಗಿತ್ತು; ಅರ್ಧ ಗಂಟೆ ತೊಡಿಸಿ ತೆಗೆದಾಗ ಮಗುವಿನ ಕಾಲಿನಲ್ಲಿ ಬಳೆ ತೊಟ್ಟಂತೆ ಕೆಂಪು ಗೆರೆಯೊಂದು ಮೂಡಿತ್ತು. ಹೆಣಿಗೆ ಸರಿಯಿತ್ತು, ಬಿಗಿಯಾಗಿದ್ದುದು ಮೊದಲು ಏರಿಸಿದ ಕುಣಿಕೆಗಳ ಅಂಚು. ಆದ್ದರಿಂದ ಈ ಅಂಚನ್ನು ಸಡಿಲವಾಗಿ ಹಾಕುವುದು ಇಡೀ ಕೆಲಸದ ಮೊದಲ ಮುಖ್ಯ ಸಂಗತಿ. ಸುಮಾರು 70 ಸೆಂ.ಮೀ. ಎಳೆಯನ್ನು ಬಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನ ಮೇಲೆ ಎರಡು ಎಳೆ ಹಿಡಿದು ಕುಣಿಕೆ ಏರಿಸುವ ಕ್ರಮವನ್ನೇ ಅನುಸರಿಸಿ, ಆದರೆ ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು ಅವೆರಡರ ಮೇಲೂ 32 ಕುಣಿಕೆ ಹಾಕಿ, ಅನಂತರ ಒಂದು ಕಡ್ಡಿಯನ್ನು ಮೆಲ್ಲನೆ ಎಳೆದುಬಿಡಿ. ಒಂದು ಕುಣಿಕೆಗೂ ಇನ್ನೊಂದಕ್ಕೂ ನಡುವೆ ಒಂದಿಷ್ಟು ಜಾಗ ಬಿಡುವುದನ್ನೂ ಮರೆಯಬಾರದು. ಕುಣಿಕೆಗಳು ದೊಡ್ಡದಿದ್ದರೂ ಒತ್ತೊತ್ತಾಗಿ ಕೂತರೆ ಅಂಚು ಹಿಗ್ಗುವುದಿಲ್ಲ.

ಈಗ ಕುಣಿಕೆಗಳನ್ನು ಮೂರು ಕಡ್ಡಿಗಳಿಗೆ ಹಂಚಿ: ಮೊದಲನೆಯದಕ್ಕೆ 8, ಎರಡನೆಯದಕ್ಕೆ 16, ಮೂರನೆಯದಕ್ಕೆ 8. ಎರಡನೆಯ ಕಡ್ಡಿಯ 16 ಕುಣಿಕೆಗಳು ಮುಂದೆ ಪಾದದ ಮೇಲ್ಭಾಗವಾಗುತ್ತವೆ, ಉಳಿದೆರಡರದು ಹಿಮ್ಮಡಿ ಮತ್ತು ಅಂಗಾಲು. ಮೂರು ಕಡ್ಡಿಗಳನ್ನು ತ್ರಿಕೋನವಾಗಿಟ್ಟು, ಏರಿಸಿದ ಅಂಚು ಎಲ್ಲೂ ಮುರಿಗೊಳ್ಳದೆ ಒಳಮುಖವಾಗಿದೆಯೇ ಎಂದು ಎರಡೆರಡು ಬಾರಿ ನೋಡಿಕೊಂಡ ಮೇಲೆಯೇ ನಾಲ್ಕನೆಯ ಕಡ್ಡಿಯಿಂದ ಹೆಣೆಯಲು ಶುರುಮಾಡಿ, ಏಕೆಂದರೆ ಮುರಿ ಬಿದ್ದ ಸುತ್ತನ್ನು ಆಮೇಲೆ ಸರಿಪಡಿಸುವ ದಾರಿಯಿಲ್ಲ, ಬಿಚ್ಚಲೇಬೇಕು. ಸುತ್ತಿನ ಆರಂಭ ಹಿಂಗಾಲಿನ ನಟ್ಟನಡುವೆ ಬರುತ್ತದೆ. ಅಲ್ಲಿ ಇಳಿಬಿದ್ದಿರುವ ಆರಂಭದ ಎಳೆಯೇ ನಿಮಗೆ ಗುರುತು.

ಎರಡು ಸೀದಾ, ಎರಡು ಉಲ್ಟಾ ಎಂಬ ರಿಬ್ ಹೆಣಿಗೆಯಲ್ಲಿ 20 ಸುತ್ತು ಹೆಣೆಯಿರಿ. ಸುಮಾರು 5.5 ಸೆಂ.ಮೀ. ಉದ್ದದ ಪಟ್ಟಿ ಬರುತ್ತದೆ. ಅಂಗಡಿಯ ಚೀಲಗಳಲ್ಲಿ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ರಿಬ್ ಇಟ್ಟು ಉಳಿದದ್ದನ್ನು ಸಪಾಟಾಗಿ ಬಿಡುವುದುಂಟು. ಕೂಸಿನ ಕಾಲಿಗೆ ಕಣಕಾಲಿನ ಭಾಗ ಪೂರ್ತಿ ರಿಬ್ ಆಗಿರುವುದೇ ಸರಿ, ಒಂದು ಜಾಗದಲ್ಲಿ ಬಿಗಿಯದೆ ಉದ್ದಕ್ಕೂ ಮೃದುವಾಗಿ ಹಿಡಿಯುವುದು ಅದೇ. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವಲ್ಲಿ ಏಣಿಯಂಥ ಸಡಿಲ ಗೆರೆ ಕಾಣಿಸಿಕೊಂಡರೆ, ಪ್ರತಿ ಕಡ್ಡಿಯ ಎರಡನೆಯ ಕುಣಿಕೆ ಹೆಣೆದಾದ ಮೇಲೆ ಎಳೆಯನ್ನು ಸ್ವಲ್ಪ ಜಗ್ಗಿ. ರಿಬ್ ಮುಗಿದ ಮೇಲೆ ಎರಡು ಸುತ್ತು ಬರಿಯ ಸೀದಾ ಹೆಣೆಯಿರಿ.

ಹಿಮ್ಮಡಿ

ಎಲ್ಲರೂ ಹೆದರುವ ಭಾಗ ಇದು. ಓದುವಾಗ ತಲೆ ತಿರುಗುತ್ತದೆ, ಕೈಯಲ್ಲಿ ಕಡ್ಡಿ ಹಿಡಿದು ಒಂದೊಂದೇ ವಾಕ್ಯವನ್ನು ಅನುಸರಿಸಿದರೆ ತಾನಾಗಿ ರೂಪುಗೊಳ್ಳುತ್ತದೆ. ಮೂರು ಹಂತಗಳಿವೆ: ಹಿಮ್ಮಡಿಯ ಹಿಂಭಾಗವನ್ನು ಮುಚ್ಚುವ ಒಂದು ಪುಟ್ಟ ಚೌಕ, ಆ ಚೌಕದ ತಳವನ್ನು ಬಟ್ಟಲಿನಂತೆ ಬಾಗಿಸುವುದು, ಮತ್ತೆ ಪಕ್ಕದ ಅಂಚುಗಳಿಂದ ಕುಣಿಕೆ ಎತ್ತಿ ಸುತ್ತು ಹೆಣಿಗೆಗೆ ಮರಳುವುದು.

ಮೊದಲು ಚೌಕ. ಮೊದಲ ಕಡ್ಡಿಯ 8 ಕುಣಿಕೆಗಳನ್ನು ಸೀದಾ ಹೆಣೆದು ಕೆಲಸವನ್ನು ತಿರುಗಿಸಿ. ಈಗ ಒಳಮೈ ನಿಮ್ಮ ಎದುರಿಗಿದೆ. ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ, ಉಳಿದ 7ನ್ನು ಉಲ್ಟಾ ಹೆಣೆದು, ಅದೇ ಕಡ್ಡಿಯಿಂದ ಮೂರನೆಯ ಕಡ್ಡಿಯ 8ನ್ನೂ ಉಲ್ಟಾ ಹೆಣೆಯಿರಿ. ಒಂದೇ ಕಡ್ಡಿಯಲ್ಲಿ 16 ಕುಣಿಕೆಗಳಾದವು. ಎರಡನೆಯ ಕಡ್ಡಿಯ 16 ಕುಣಿಕೆಗಳನ್ನು ಸದ್ಯಕ್ಕೆ ಮರೆತುಬಿಡಿ. ಇನ್ನು ಹೊರಮೈ ಸಾಲಿನಲ್ಲಿ ಒಂದು ಕುಣಿಕೆ ದಾಟಿಸುವುದು, ಒಂದು ಸೀದಾ ಹೆಣೆಯುವುದು, ಹೀಗೆ ಎಂಟು ಬಾರಿ. ಒಳಮೈ ಸಾಲಿನಲ್ಲಿ ಮೊದಲನೆಯದನ್ನು ದಾಟಿಸಿ ಉಳಿದ 15ನ್ನು ಉಲ್ಟಾ ಹೆಣೆಯುವುದು. ಈ ಎರಡು ಸಾಲುಗಳನ್ನು ಏಳು ಬಾರಿ ಮಾಡಿ. ದಾಟಿಸುವಾಗೆಲ್ಲ ಉಲ್ಟಾ ಹೆಣೆಯುವವರಂತೆ ಕಡ್ಡಿ ತೂರಿಸಿ ದಾಟಿಸಬೇಕು. ದಾಟಿಸಿದ ಕುಣಿಕೆಯ ಹಿಂದೆ ಎಳೆ ಹಾದುಹೋಗುವುದರಿಂದ ಚೌಕ ದಪ್ಪವಾಗಿ, ಒದೆತಕ್ಕೆ ಸವೆಯದಂತಾಗುತ್ತದೆ. ಎರಡೂ ಅಂಚುಗಳಲ್ಲಿ ಸರಪಳಿಯಂಥ ದೊಡ್ಡ ಕುಣಿಕೆಗಳ ಸಾಲೂ ಮೂಡುತ್ತದೆ.

ಮುಂದಿನ ಹಂತಕ್ಕೆ ಎರಡು ಬಗೆಯ ಇಳಿಕೆ ತಿಳಿದಿರಬೇಕು. ಎರಡು ಕುಣಿಕೆಗಳನ್ನು ಒಟ್ಟಿಗೆ ಸೀದಾ ಹೆಣೆದರೆ ಅದು ಬಲಕ್ಕೆ ವಾಲುತ್ತದೆ. ಇದನ್ನು ಬಲವಾಲು ಎನ್ನೋಣ. ಎರಡು ಕುಣಿಕೆಗಳನ್ನು ಸೀದಾ ಹೆಣೆಯುವವರಂತೆ ಒಂದೊಂದಾಗಿ ಬಲಗೈ ಕಡ್ಡಿಗೆ ದಾಟಿಸಿ, ಎಡಗೈ ಕಡ್ಡಿಯನ್ನು ಅವೆರಡರ ಮುಂಭಾಗದೊಳಕ್ಕೆ ತೂರಿಸಿ ಒಂದಾಗಿ ಹೆಣೆದರೆ ಎಡಕ್ಕೆ ವಾಲುತ್ತದೆ, ಇದು ಎಡವಾಲು. ಈಗ ಬಟ್ಟಲು ಬಾಗಿಸುವ ಆರು ಸಾಲುಗಳು:

1ನೇ ಸಾಲು: 9 ಸೀದಾ, ಒಂದು ಎಡವಾಲು, 1 ಸೀದಾ. ಎಡಗಡ್ಡಿಯಲ್ಲಿ 4 ಕುಣಿಕೆ ಉಳಿದಿರುವಾಗಲೇ ತಿರುಗಿಸಿ.
2ನೇ ಸಾಲು: 1 ದಾಟಿಸಿ, 3 ಉಲ್ಟಾ, ಎರಡನ್ನು ಒಟ್ಟಿಗೆ ಉಲ್ಟಾ, 1 ಉಲ್ಟಾ. ಇಲ್ಲಿಯೂ 4 ಉಳಿಯುತ್ತವೆ, ತಿರುಗಿಸಿ.
3ನೇ ಸಾಲು: 1 ದಾಟಿಸಿ, 4 ಸೀದಾ, ಎಡವಾಲು, 1 ಸೀದಾ, ತಿರುಗಿಸಿ.
4ನೇ ಸಾಲು: 1 ದಾಟಿಸಿ, 5 ಉಲ್ಟಾ, ಎರಡನ್ನು ಒಟ್ಟಿಗೆ ಉಲ್ಟಾ, 1 ಉಲ್ಟಾ, ತಿರುಗಿಸಿ.
5ನೇ ಸಾಲು: 1 ದಾಟಿಸಿ, 6 ಸೀದಾ, ಎಡವಾಲು, 1 ಸೀದಾ, ತಿರುಗಿಸಿ.
6ನೇ ಸಾಲು: 1 ದಾಟಿಸಿ, 7 ಉಲ್ಟಾ, ಎರಡನ್ನು ಒಟ್ಟಿಗೆ ಉಲ್ಟಾ, 1 ಉಲ್ಟಾ, ತಿರುಗಿಸಿ.

ಕಡ್ಡಿಯಲ್ಲಿ 10 ಕುಣಿಕೆಗಳು ಉಳಿದಿರಬೇಕು. ಎಣಿಕೆ ತಪ್ಪಿದರೂ ಗಾಬರಿ ಬೇಡ: ಮೂರನೆಯ ಸಾಲಿನಿಂದ ಇಳಿಕೆ ಬರುವುದು ಯಾವಾಗಲೂ ಹಿಂದಿನ ಬಾರಿ ತಿರುಗಿಸಿದಲ್ಲಿ ಉಂಟಾದ ಸಣ್ಣ ಸಂದಿನ ಮೇಲೆಯೇ, ಸಂದಿನ ಆಚೆಯದೊಂದು ಈಚೆಯದೊಂದು ಕುಣಿಕೆಯನ್ನು ಸೇರಿಸಿ. ಆ ಸಂದನ್ನು ಕಣ್ಣಿಂದ ಗುರುತಿಸಲು ಕಲಿತವರಿಗೆ ಈ ಪಟ್ಟಿಯೇ ಬೇಡ.

ಮೂರನೆಯ ಹಂತದಲ್ಲಿ ಈ 10ನ್ನೂ ಸೀದಾ ಹೆಣೆದು, ಅದೇ ಕಡ್ಡಿಯಿಂದ ಚೌಕದ ಎಡ ಅಂಚಿನ ಸರಪಳಿಯುದ್ದಕ್ಕೂ 7, ಮೂಲೆಯ ಸಂದಿನಲ್ಲಿ 1, ಒಟ್ಟು 8 ಹೊಸ ಕುಣಿಕೆಗಳನ್ನು ಎತ್ತಿಕೊಳ್ಳಿ. ಮೂಲೆಯ ಆ ಒಂದು ಕುಣಿಕೆಯನ್ನು ಬಿಟ್ಟರೆ ಅಲ್ಲೊಂದು ತೂತು ಉಳಿಯುತ್ತದೆ. ಎರಡನೆಯ ಕಡ್ಡಿಯಿಂದ ಇಷ್ಟು ಹೊತ್ತು ಕಾದಿದ್ದ ಮೇಲ್ಭಾಗದ 16ನ್ನು ಸೀದಾ ಹೆಣೆಯಿರಿ. ಮೂರನೆಯ ಕಡ್ಡಿಯಿಂದ ಬಲ ಅಂಚಿನಲ್ಲಿ ಮೂಲೆಯದೂ ಸೇರಿ 8 ಎತ್ತಿಕೊಂಡು, ಹಿಮ್ಮಡಿಯ 10ರಲ್ಲಿ 5ನ್ನು ಅದಕ್ಕೇ ಹೆಣೆದುಕೊಳ್ಳಿ. ಎಳೆ ಮತ್ತೆ ಹಿಮ್ಮಡಿಯ ನಡುವಿಗೆ ಬಂತು. ಕಡ್ಡಿಗಳಲ್ಲಿ ಕ್ರಮವಾಗಿ 13, 16, 13, ಒಟ್ಟು 42 ಕುಣಿಕೆಗಳಿವೆ.

ಹೆಚ್ಚಾದ 10 ಕುಣಿಕೆಗಳನ್ನು ಈಗ ಮೆಲ್ಲನೆ ಇಳಿಸಬೇಕು. ಒಂದು ಸುತ್ತು ಬರಿಯ ಸೀದಾ ಹೆಣೆದ ಬಳಿಕ ಇಳಿಕೆಯ ಸುತ್ತು: ಮೊದಲ ಕಡ್ಡಿಯಲ್ಲಿ ಕಡೆಯ 3 ಕುಣಿಕೆ ಉಳಿಯುವವರೆಗೆ ಸೀದಾ, ಬಲವಾಲು, 1 ಸೀದಾ, ಎರಡನೆಯ ಕಡ್ಡಿ ಪೂರ್ತಿ ಸೀದಾ, ಮೂರನೆಯದರಲ್ಲಿ 1 ಸೀದಾ, ಎಡವಾಲು, ಉಳಿದದ್ದು ಸೀದಾ. ಇದರ ಬೆನ್ನಿಗೆ ಒಂದು ಸುತ್ತು ಬರಿಯ ಸೀದಾ. ಈ ಎರಡು ಸುತ್ತುಗಳನ್ನು ಐದು ಬಾರಿ ಮಾಡಿದರೆ ಮತ್ತೆ 8, 16, 8ಕ್ಕೆ ಬಂದಿರುತ್ತೀರಿ.

ಪಾದ ಮತ್ತು ಬೆರಳಿನ ತುದಿ

ಇಲ್ಲಿಂದ ಕೆಲಸ ಸಲೀಸು. ಹಿಮ್ಮಡಿಯ ಹಿಂತುದಿಯಿಂದ ಅಳೆದು 6.5 ಸೆಂ.ಮೀ. ಆಗುವವರೆಗೆ ಸುತ್ತಲೂ ಸೀದಾ ಹೆಣೆಯುತ್ತಾ ಹೋಗಿ. ಬೆರಳಿನ ಭಾಗಕ್ಕೆ ಇನ್ನು 2.5 ಸೆಂ.ಮೀ. ಬೇಕಾಗುವುದರಿಂದ ಒಟ್ಟು 9 ಸೆಂ.ಮೀ. ಆಗುತ್ತದೆ. ಬೇರೆ ಉದ್ದ ಬೇಕಾದವರು ಕೂಡಿಸಬೇಕಾದುದೂ ಕಳೆಯಬೇಕಾದುದೂ ಇಲ್ಲಿಯೇ.

ಬೆರಳಿನ ಭಾಗದ ಇಳಿಕೆಯ ಸುತ್ತಿನಲ್ಲಿ ಮೊದಲ ಮತ್ತು ಮೂರನೆಯ ಕಡ್ಡಿಯಲ್ಲಿ ಹಿಂದಿನಂತೆಯೇ ಮಾಡಿ, ಎರಡನೆಯದರಲ್ಲಿ 1 ಸೀದಾ, ಎಡವಾಲು, ಕಡೆಯ 3 ಉಳಿಯುವವರೆಗೆ ಸೀದಾ, ಬಲವಾಲು, 1 ಸೀದಾ ಹೆಣೆಯಿರಿ. ಸುತ್ತಿಗೆ 4 ಕುಣಿಕೆ ಕಡಿಮೆಯಾಗುತ್ತವೆ. ಇಳಿಕೆಯದೊಂದು, ಬರಿಯದೊಂದು ಎಂದು ನಾಲ್ಕು ಬಾರಿ ಮಾಡಿ 16ಕ್ಕೆ ಬಂದ ಮೇಲೆ, ಇನ್ನೊಂದೇ ಇಳಿಕೆಯ ಸುತ್ತು ಹೆಣೆದು 12ರಲ್ಲಿ ನಿಲ್ಲಿಸಿ. ದೊಡ್ಡವರ ಚೀಲದಂತೆ ಇನ್ನೂ ಚೂಪು ಮಾಡಬಾರದು. ಮಗುವಿನ ಬೆರಳುಗಳು ಬೀಸಣಿಗೆಯಂತೆ ಅಗಲವಾಗಿ ಹರಡುತ್ತವೆ, ಅವಕ್ಕೆ ಜಾಗ ಬೇಕು.

ಮೊದಲ ಕಡ್ಡಿಯ 3 ಕುಣಿಕೆಗಳನ್ನು ಮೂರನೆಯ ಕಡ್ಡಿಗೆ ಹೆಣೆದುಕೊಂಡರೆ ಎರಡು ಕಡ್ಡಿಗಳಲ್ಲಿ ಆರಾರು ಕುಣಿಕೆಗಳಾಗುತ್ತವೆ. 30 ಸೆಂ.ಮೀ. ಎಳೆ ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ. ಮೇಲ್ಭಾಗದ ಕಡ್ಡಿ ಮುಂದೆ, ಅಂಗಾಲಿನದು ಹಿಂದೆ, ಎಳೆ ಬಲತುದಿಯಲ್ಲಿ ಇರುವಂತೆ ಹಿಡಿಯಿರಿ. ಮೊದಲಿಗೆ ಮುಂಗಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹೆಣೆಯುವವರಂತೆ, ಹಿಂಗಡ್ಡಿಯ ಮೊದಲನೆಯದಕ್ಕೆ ಸೀದಾ ಹೆಣೆಯುವವರಂತೆ ಸೂಜಿ ತೂರಿಸಿ, ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಮುಂಗಡ್ಡಿಯಲ್ಲಿ ಒಂದಕ್ಕೆ ಸೀದಾ ರೀತಿಯಲ್ಲಿ ತೂರಿಸಿ ಕಳಚಿ, ಮುಂದಿನದಕ್ಕೆ ಉಲ್ಟಾ ರೀತಿಯಲ್ಲಿ ತೂರಿಸಿ ಬಿಡಿ. ಹಿಂಗಡ್ಡಿಯಲ್ಲಿ ಒಂದಕ್ಕೆ ಉಲ್ಟಾ ರೀತಿಯಲ್ಲಿ ತೂರಿಸಿ ಕಳಚಿ, ಮುಂದಿನದಕ್ಕೆ ಸೀದಾ ರೀತಿಯಲ್ಲಿ ತೂರಿಸಿ ಬಿಡಿ. ಹೀಗೆ ಕೊನೆಯವರೆಗೆ. ಎಳೆಯನ್ನು ಬಿಗಿದರೆ ಏಣು ಬೀಳುತ್ತದೆ. ಅಕ್ಕಪಕ್ಕದ ಕುಣಿಕೆಗಳಷ್ಟೇ ಸಡಿಲವಾಗಿದ್ದರೆ ಸೇರಿಸಿದ ಜಾಗವೇ ತಿಳಿಯದು. ಕುಣಿಕೆಗಳನ್ನೆಲ್ಲ ಒಂದೇ ಎಳೆಗೆ ಪೋಣಿಸಿ ಚೀಲದ ಬಾಯಿಯಂತೆ ಬಿಗಿದು ಕಟ್ಟುವ ಸುಲಭೋಪಾಯವನ್ನು ನಾನು ಒಪ್ಪುವುದಿಲ್ಲ, ಆ ಗಂಟು ನೇರ ಬೆರಳಿನ ತುದಿಗೇ ಒತ್ತುತ್ತದೆ.

ಎರಡನೆಯ ಚೀಲವನ್ನು ಅದೇ ದಿನ ಅಥವಾ ಮರುದಿನವೇ ಆರಂಭಿಸಿ, ಚೀಟಿಯಲ್ಲಿ ಬರೆದಿಟ್ಟ ಸುತ್ತುಗಳ ಲೆಕ್ಕದ ಪ್ರಕಾರವೇ ಹೆಣೆಯಿರಿ. ವಾರ ಬಿಟ್ಟರೆ ಕೈಯ ಬಿಗಿ ಬದಲಾಗಿ ಜೊತೆಯಲ್ಲೊಂದು ಅಣ್ಣ, ಒಂದು ತಮ್ಮ ಆಗುತ್ತದೆ. ಎಡ-ಬಲ ಭೇದವಿಲ್ಲ, ಎರಡೂ ಒಂದೇ ಬಗೆ.

ಒಳಮೈಯ ಎಳೆಗಳು

ಉಳಿದ ಎಳೆಗಳನ್ನು ಗಂಟು ಹಾಕಿ ಕತ್ತರಿಸುವ ಅಭ್ಯಾಸವನ್ನು ಇಲ್ಲಿ ಕಟ್ಟುನಿಟ್ಟಾಗಿ ಬಿಡಬೇಕು. ಸಡಿಲವಾಗಿ ಇಳಿಬಿದ್ದ ಎಳೆಯೊಂದು ಅಥವಾ ತಾಯಿಯ ತಲೆಗೂದಲೊಂದು ಮಗುವಿನ ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತಸಂಚಾರವೇ ನಿಲ್ಲಬಹುದು. ಮಗು ಅಳುವುದಷ್ಟೇ ಹೊರತು ಕಾರಣ ಚೀಲದೊಳಗೆ ಅಡಗಿರುತ್ತದೆ. ಆದ್ದರಿಂದ ಪ್ರತಿಯೊಂದು ಎಳೆಯನ್ನೂ ಸೂಜಿಯಿಂದ ಒಳಮೈಯ ಕುಣಿಕೆಗಳ ಮೂಲಕ ಕನಿಷ್ಠ 4 ಸೆಂ.ಮೀ. ಒಂದು ದಿಕ್ಕಿಗೆ ಹಾಯಿಸಿ, ಮತ್ತೆ ಅದರ ವಿರುದ್ಧ ದಿಕ್ಕಿಗೆ ಹಾಯಿಸಿ, ಅನಂತರ ಕತ್ತರಿಸಿ. ಬಣ್ಣಬಣ್ಣದ ಚಿತ್ತಾರದ ಹೆಣಿಗೆಯಲ್ಲಿ ಒಳಗಡೆ ಎಳೆಗಳು ಉದ್ದಕ್ಕೆ ಹಾಯುವುದರಿಂದ ಅದು ಕೂಸಿನ ಕಾಲುಚೀಲಕ್ಕೆ ಬೇಡ. ಅಡ್ಡಪಟ್ಟಿ ಬೇಕಿದ್ದರೆ ರಿಬ್ ಭಾಗದಲ್ಲಿ ಮಾತ್ರ ಹಾಕಿಕೊಳ್ಳಿ. ಗುಂಡಿ, ಮಣಿ, ಗೆಜ್ಜೆ, ಉಲ್ಲನ್ ಚೆಂಡು, ಕಟ್ಟುವ ದಾರ ಯಾವುದನ್ನೂ ಜೋಡಿಸಬಾರದು. ನಾಮಕರಣದ ದಿನ ಚೆಂದ ಕಾಣಲೆಂದು ರಿಬ್ಬನ್ ಪೋಣಿಸುವವರಿಗೆ ನಾನು ಪ್ರತಿ ಬಾರಿಯೂ ಇದನ್ನೇ ಹೇಳುತ್ತೇನೆ. ತೊಡಿಸುವ ಮುನ್ನ ಪ್ರತಿ ಸಲ ಚೀಲವನ್ನು ಒಳಹೊರಗು ಮಾಡಿ ನೋಡುವುದನ್ನು ರೂಢಿಸಿಕೊಳ್ಳಿ.

ಒಗೆತ ಮತ್ತು ಬಳಕೆ

ಮೊದಲ ಬಾರಿ ತೊಡಿಸುವ ಮೊದಲೇ ಒಮ್ಮೆ ಒಗೆಯಬೇಕು. ಉಣ್ಣೆಯದಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಯಲ್ಲೋ ಸೌಮ್ಯ ಸೋಪಿನಲ್ಲೋ ಉಜ್ಜದೆ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಿ. ಬಿಸಿನೀರು ಮತ್ತು ಉಜ್ಜಾಟ ಸೇರಿದರೆ ಉಣ್ಣೆ ಗಂಟುಗಟ್ಟಿ ಕುಗ್ಗುತ್ತದೆ. ಅಕ್ರಿಲಿಕ್‌ಗೆ ಇಸ್ತ್ರಿ ಸೋಕಿಸಬೇಡಿ, ರಿಬ್ ತನ್ನ ಹಿಡಿತವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ.

ಮಗುವಿನ ಅಂಗಾಲು ತಣ್ಣಗಿದೆಯೆಂದು ಕೂಡಲೇ ಎರಡು ಜೊತೆ ತೊಡಿಸುವ ಹಿರಿಯರಿದ್ದಾರೆ. ಎಳೆಗೂಸಿನ ಕೈಕಾಲು ಮೈಗಿಂತ ತುಸು ತಣ್ಣಗಿರುವುದು ಸಹಜ. ಬೆಚ್ಚಗಿದೆಯೋ ಇಲ್ಲವೋ ಎಂಬುದನ್ನು ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ತಿಳಿಯಬೇಕು, ಅಲ್ಲಿ ಬೆವರಿದ್ದರೆ ಚೀಲ ತೆಗೆಯಬೇಕು. ಮಗು ಹಿಡಿದು ನಿಲ್ಲಲು ಶುರುಮಾಡಿತೆಂದರೆ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದ ಮೇಲೆ ಹೆಣೆದ ಚೀಲ ಎಣ್ಣೆ ಸವರಿದಂತೆ ಜಾರುತ್ತದೆ. ಆ ಹೊತ್ತಿಗೆ ಬರಿಗಾಲೇ ಕ್ಷೇಮ, ಚೀಲ ಮಲಗಿರುವಾಗಿನ ಮತ್ತು ಎತ್ತಿಕೊಂಡು ಹೊರಗೆ ಹೋಗುವಾಗಿನ ಬಳಕೆಗೆ ಉಳಿಯಲಿ. ಹೆಬ್ಬೆರಳು ತುದಿಗೆ ತಾಗಿ ಮಡಚಿಕೊಳ್ಳತೊಡಗಿದ ದಿನ ಅದನ್ನು ತೆಗೆದಿಟ್ಟು, ಚೀಟಿಯನ್ನು ಹೊರತೆಗೆದು, ಪಾದದ ಭಾಗಕ್ಕೆ ಏಳೆಂಟು ಸುತ್ತು ಹೆಚ್ಚಿಗೆ ಬರೆದುಕೊಂಡು, 10ನೇ ನಂಬರಿನ ಕಡ್ಡಿಗೆ ಮತ್ತೆ 32 ಕುಣಿಕೆ ಏರಿಸಿ.